ಎಡಿಎಚ್‌ಡಿ ಇರುವವರಿಗೆ ಕೆಲಸ ರಾಶಿ ಬಿದ್ದಾಗ ಎಲ್ಲಿಂದ ಹಿಡಿಯುವುದು?

ಮುಳ್ಳೇರಿಯದವ

ದೊಡ್ಡವರ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ-ಆತುರದ ಸ್ಥಿತಿ) ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಲಕ್ಷಣಗಳ ಪಟ್ಟಿ. ಅದರಿಂದ ಮುಂದಿನ ಮಾತು ಸಿಗುವುದಿಲ್ಲ. ನಮ್ಮ ಕಡೆಯ, ಅಂದರೆ ಕೇರಳದ ಕಾಸರಗೋಡಿನ, ಒಂದು ಮಾಮೂಲು ವಾರ ತೆಗೆದುಕೊಳ್ಳಿ: ಕರೆಂಟ್ ಬಿಲ್ಲು, ಅಕ್ಷಯ ಕೇಂದ್ರದಲ್ಲಿ (ಸರಕಾರಿ ಅರ್ಜಿ ಹಾಕಿಕೊಡುವ ಸೇವಾ ಕೇಂದ್ರ) ಆದಾಯ ಸರ್ಟಿಫಿಕೇಟಿಗೆ ಅರ್ಜಿ, ಅಡಿಕೆಗೆ ಮದ್ದು ಬಿಡಿಸುವ ಏರ್ಪಾಡು, ಶಾಲೆಗೆ ಸಹಿ ಹಾಕಿ ಕಳಿಸಬೇಕಾದ ಕಾಗದ, ಮಡಚದೆ ಬಿದ್ದ ಬಟ್ಟೆ, ಉತ್ತರ ಕೊಡದೆ ಉಳಿದ ವಾಟ್ಸಾಪ್ ಮೆಸೇಜುಗಳು. ಇದರಲ್ಲಿ ಯಾವುದೂ ಬರದ ಕೆಲಸ ಅಲ್ಲ. ಆದರೂ ಎಲ್ಲ ಒಟ್ಟಿಗೆ ತಲೆಗೆ ಬಂದರೆ ಕೈಕಾಲೇ ಆಡುವುದಿಲ್ಲ. "ಸಣ್ಣ ಸಣ್ಣ ತುಂಡು ಮಾಡಿ" ಎನ್ನುತ್ತಾರೆ. ಹೇಗೆ ತುಂಡು ಮಾಡುವುದು, ಎಲ್ಲಿ ಕೈಕೊಡುತ್ತದೆ, ಯಾಕೆ? ಗೊತ್ತಿದ್ದವರು ಬಿಡಿಸಿ ಬರೆಯಿರಿ.

ಹೊಸಂಗಡಿ, ಮನಶ್ಶಾಸ್ತ್ರ

ಕಾರಣ ತಿಳಿದರೆ ಉಪಾಯ ಸುಲಭ, ಹಾಗಾಗಿ ಮೊದಲು ಅದು. ಎಡಿಎಚ್‌ಡಿಯಲ್ಲಿ ಬುದ್ಧಿಗೆ ಕೊರತೆ ಇಲ್ಲ. ಮೆದುಳಿನ ಮುಂಭಾಗ ಮಾಡಬೇಕಾದ ಕೆಲವು ಕೆಲಸಗಳು ಸಡಿಲ ಇರುತ್ತವೆ: ನಾಲ್ಕು ವಿಷಯವನ್ನು ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಯಾವುದು ಮೊದಲು ಎಂದು ಸಾಲು ಮಾಡುವುದು, ಎಷ್ಟು ಹೊತ್ತು ಬೇಕು ಎಂದು ಅಂದಾಜಿಸುವುದು, ಆಸಕ್ತಿ ಇಲ್ಲದ್ದನ್ನು ಶುರು ಮಾಡುವುದು. ಕೆಲಸ ಹೆಚ್ಚಾದ ದಿನ ಈ ನಾಲ್ಕೂ ಒಟ್ಟಿಗೆ ಬೇಕಾಗುತ್ತವೆ, ಅಲ್ಲಿಗೆ ಎಲ್ಲ ನಿಂತುಹೋಗುತ್ತದೆ. ಆದ್ದರಿಂದ ಅವುಗಳಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ತಲೆಯಿಂದ ಹೊರಗೆ, ಕಾಗದದ ಮೇಲೆ ಹಾಕಬೇಕು.

ಕೈಕಾಲು ಆಡದ ದಿನಕ್ಕೆ ಹೀಗೆ ಮಾಡಬಹುದು. ಒಂದು ಹಾಳೆ, ಒಂದು ಪೆನ್ನು, 10 ನಿಮಿಷ. ತಲೆಯಲ್ಲಿ ಇರುವುದನ್ನೆಲ್ಲ ಬಂದ ಹಾಗೆ ಬರೆಯಿರಿ. ಸಾಲು, ಬಣ್ಣ, ನಂಬರು ಯಾವುದೂ ಬೇಡ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇದನ್ನು ನಾಡಿದ್ದಿನ ಒಳಗೆ ಮಾಡದಿದ್ದರೆ ದಂಡ, ನಷ್ಟ ಅಥವಾ ಯಾರಿಗಾದರೂ ತೊಂದರೆ ಉಂಟಾ? ಉಂಟು ಎಂದಾದರೆ ಗುರುತು ಹಾಕಿ. ಮೂರಕ್ಕಿಂತ ಹೆಚ್ಚು ಗುರುತು ಬಿದ್ದರೆ ನಾಲ್ಕನೆಯದು ಬೇರೆಯವರಿಗೆ ಹೋಗಬೇಕು, ಇಲ್ಲವೇ ಫೋನ್ ಮಾಡಿ ದಿನ ಕೇಳಬೇಕು. ಹಾಳೆಯ ಉಳಿದ ಭಾಗ ಕಾಣದ ಹಾಗೆ ಮಡಚಿ.

ಈಗ ಮೂರರಲ್ಲಿ ಒಂದನ್ನು ತೆಗೆದುಕೊಂಡು ಅದರ ಮೊದಲ ಕೈಚಲನೆ ಬರೆಯಿರಿ. "ಸರ್ಟಿಫಿಕೇಟ್ ಮಾಡಿಸು" ಎಂಬುದು ಕೆಲಸ ಅಲ್ಲ, ಅದು ಏಳೆಂಟು ಕೆಲಸಗಳಿಗೆ ಇಟ್ಟ ಹೆಸರು. "ಕಪಾಟಿನ ಮೇಲಿನ ಅರೆಯಿಂದ ರೇಷನ್ ಕಾರ್ಡ್ ತೆಗೆದು ಊಟದ ಮೇಜಿನ ಮೇಲೆ ಇಡು" ಎಂಬುದು ಕೆಲಸ. ಪರೀಕ್ಷೆ ಸುಲಭ: ಬರೆದದ್ದನ್ನು ಓದಿದಾಗ ಮನಸ್ಸಿನಲ್ಲಿ ಪ್ರಶ್ನೆ ಏಳಬಾರದು. "ಯಾವ ಕಾಗದ ಬೇಕಪ್ಪಾ?" ಎಂದು ಎದ್ದರೆ ಆ ಪ್ರಶ್ನೆಯೇ ಮೊದಲ ಕೆಲಸ, ಅಂದರೆ "ಅಕ್ಷಯಕ್ಕೆ ಫೋನ್ ಮಾಡಿ ಯಾವ ಕಾಗದ ಬೇಕು ಎಂದು ಕೇಳು". ಹೆಚ್ಚಿನ ಕೆಲಸ ತಿಂಗಳುಗಟ್ಟಲೆ ಬಾಕಿ ಉಳಿಯುವುದು ಇಂಥ ಒಂದು ಕೇಳದ ಪ್ರಶ್ನೆಯಿಂದ.

ಇದು ಕೆಡುವುದು ಎರಡು ಕಡೆ. ಪಟ್ಟಿ ಚಂದ ಮಾಡುವುದೇ ಕೆಲಸವಾಗಿಬಿಡುತ್ತದೆ, ಅದಕ್ಕೇ 10 ನಿಮಿಷದ ಮಿತಿ. ಮತ್ತೆ, ಒಂದು ಮುಗಿದ ಉತ್ಸಾಹದಲ್ಲಿ ಮಡಚಿದ ಹಾಳೆ ಬಿಚ್ಚಿದರೆ ಮೊದಲಿನ ಗಾಬರಿಯೇ ಮರಳುತ್ತದೆ. ಮೂರೂ ಮುಗಿಯುವವರೆಗೆ ಬಿಚ್ಚಬೇಡಿ.

ಕುಂಬಳೆ ಟೀಚರ್

ಇದಕ್ಕೆ ಗಡಿನಾಡಿನ ಒಂದು ವಿಷಯ ಸೇರಿಸಲೇಬೇಕು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದುವುದು ಮಾತ್ರ ನಿಧಾನ. ಮಲಯಾಳ ಫಾರ್ಮು ಎದುರಿಗೆ ಬಂದರೆ ಅಕ್ಷರ ಕೂಡಿಸಿ ಓದುವುದು, ಅರ್ಥ ಹಿಡಿಯುವುದು, ಉತ್ತರ ಹುಡುಕುವುದು, ಬರೆಯುವುದು ಎಲ್ಲ ಒಂದೇ ಹೊತ್ತಿಗೆ ಆಗಬೇಕು. ಎಡಿಎಚ್‌ಡಿ ಇರುವವರು ಮೂರನೇ ಸಾಲಿಗೆ ಬರುವಾಗ ಮೊದಲನೆಯದು ಮರೆತಿರುತ್ತದೆ, ಫಾರ್ಮು ಡ್ರಾಯರಿಗೆ ಹೋಗುತ್ತದೆ. ಆದ್ದರಿಂದ ಓದುವ ದಿನ ಬೇರೆ, ತುಂಬುವ ದಿನ ಬೇರೆ ಮಾಡಿ. ಮೊದಲ ದಿನ ಗೂಗಲ್ ಲೆನ್ಸಿನಲ್ಲಿ ಫೋಟೋ ಹಿಡಿದು ಪ್ರತಿ ಕಾಲಮ್ಮಿನ ಪಕ್ಕ ಪೆನ್ಸಿಲಿನಲ್ಲಿ ಕನ್ನಡ ಬರೆಯುವುದು, ಅಷ್ಟೇ. ಆ ಹಾಳೆಯ ಒಂದು ಜೆರಾಕ್ಸ್ ಇಟ್ಟುಕೊಂಡರೆ ಮುಂದಿನ ಸಲ ನೋಡಿ ತುಂಬಬಹುದು.

ಕನ್ನಡದಲ್ಲೇ ಅರ್ಜಿ ಕೊಡುವುದಕ್ಕೂ ದಾರಿ ಉಂಟು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದಲೇ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಇದೆ. ಕೌಂಟರಿನಲ್ಲಿ "ಕನ್ನಡ ಫಾರ್ಮ್ ಇದೆಯಾ?" ಎಂದು ಮೊದಲು ಕೇಳಿ. ಆ ಒಂದು ಮಾತಿಗೆ ನಾಚಿಕೆ ಬೇಡ.

ಇನ್ನೊಂದು, ಪ್ರತಿ ಮನೆಯಲ್ಲೂ ಒಂದು ನಂಬರಿನ ಹಾಳೆ ಇರಲಿ. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) 13 ಅಂಕಿಯ ಕನ್ಸ್ಯೂಮರ್ ನಂಬರ್ ಮತ್ತು ಸೆಕ್ಷನ್ ಹೆಸರು, ರೇಷನ್ ಕಾರ್ಡ್ ನಂಬರ್, ಜಾಗದ ಸರ್ವೆ ನಂಬರ್, ತಂಡಪ್ಪೇರ್ ನಂಬರ್ (ವಿಲೇಜ್ ಆಫೀಸಿನಲ್ಲಿ ಜಾಗದ ಮಾಲಕರ ಖಾತೆ ನಂಬರ್), ವಿಲೇಜ್, ವಾರ್ಡು, ಮನೆ ನಂಬರ್, ಮನೆಯವರೆಲ್ಲರ ಹುಟ್ಟಿದ ತಾರೀಕು. ಆಧಾರಿನಲ್ಲಿ ಮನೆಹೆಸರು, ಇನಿಶಿಯಲ್ ಹೇಗೆ ಬರೆದಿದೆಯೋ ಹಾಗೆಯೇ ನಕಲು ಮಾಡಿ. ಶಾಲಾ ದಾಖಲೆ ಒಂದು ತರಹ, ಆಧಾರ್ ಒಂದು ತರಹ ಇದ್ದರೆ ಅದನ್ನೂ ಅಲ್ಲೇ ಬರೆದಿಡಿ. ಅರ್ಜಿ ತಿರುಗಿ ಬರಲು ಇದೇ ದೊಡ್ಡ ಕಾರಣ, ತಿರುಗಿ ಬಂದ ಅರ್ಜಿಯನ್ನು ಎಡಿಎಚ್‌ಡಿ ಇರುವವರು ಎರಡನೇ ಸಲ ಮುಟ್ಟುವುದು ಬಹಳ ಕಷ್ಟ. ಹಾಳೆ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿ. ಫೈಲಿನ ಒಳಗೆ ಇಟ್ಟರೆ ಫೈಲ್ ಹುಡುಕುವುದು ಇನ್ನೊಂದು ಕೆಲಸ.

ನೀರ್ಚಾಲು ತೋಟ

ಮದ್ದು ಬಿಡುವ ವಿಷಯ ಮೇಲೆ ಬಂದದ್ದು ಒಳ್ಳೆಯದಾಯ್ತು. ಉಳಿದದ್ದು ಒಂದು ವಾರ ತಡವಾದರೆ ದಂಡ ಕಟ್ಟಿ ಮುಗಿಸಬಹುದು, ಕೊಳೆರೋಗ ಹಿಡಿದರೆ ಆ ವರ್ಷದ ಬೆಳೆಯೇ ಹೋಗುತ್ತದೆ. ಎಡಿಎಚ್‌ಡಿ ಇರುವ ಕೃಷಿಕರು ಎಡವುವುದು ಒಂದೇ ಕಡೆ: ಮದ್ದು ಬಿಡುವ ದಿನ ನೆನಪಿರುತ್ತದೆ, ಅದಕ್ಕೆ ತಿಂಗಳ ಮೊದಲು ಮಾಡಬೇಕಾದ ಫೋನ್ ನೆನಪಿರುವುದಿಲ್ಲ.

ಮಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಮೊದಲ ಮದ್ದು ಅದಕ್ಕಿಂತ ಮೊದಲು ಆಗಬೇಕು, ಅಂದರೆ ಮೇ ಕೊನೆಯ ವಾರದ ಒಳಗೆ. ಎರಡನೆಯದು 40-45 ದಿನ ಕಳೆದು, ಮಳೆ ಬಿಟ್ಟ ಹೊತ್ತು ನೋಡಿ. ಮರ ಹತ್ತುವವರು ಆ ಸಮಯದಲ್ಲಿ ಎಲ್ಲರಿಗೂ ಬೇಕು, ಹಾಗಾಗಿ ಏಪ್ರಿಲ್ ಕೊನೆಗೇ ಮಾತಾಡಿ ದಿನ ನಿಗದಿ ಮಾಡಬೇಕು. ಮೇ ಮೊದಲ ವಾರ ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣ ತರುವುದು. ಎರಡನೇ ವಾರ ಪಂಪು ಒಮ್ಮೆ ಚಾಲೂ ಮಾಡಿ ಪೈಪು, ನಾಝಲ್, ವಾಷರ್ ನೋಡುವುದು. ಕೆಲಸದವರು ಬಂದು ನಿಂತ ಮೇಲೆ ವಾಷರ್ ಹೋದದ್ದು ಗೊತ್ತಾದರೆ ಆ ದಿನ ಹೋಯಿತು, ಅವರ ಮುಂದಿನ ಬಿಡುವು ಯಾವಾಗಲೋ.

ಕೊಳೆರೋಗಕ್ಕೆ ಬಿಡುವ ಮದ್ದಾದ ಒಂದು ಪರ್ಸೆಂಟ್ ಬೋರ್ಡೋ ದ್ರಾವಣದ ಅಳತೆ ಡ್ರಮ್ಮಿನ ಮೇಲೆಯೇ ಪೈಂಟಿನಲ್ಲಿ ಬರೆದಿಡಿ: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತಲಾ 50 ಲೀಟರ್ ನೀರಿಗೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯುವುದು. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನೂ ಸ್ವಲ್ಪ ಹಾಕಬೇಕು. ಅದೇ ದಿನ ಮುಗಿಯುವಷ್ಟೇ ಮಾಡಿ. ಇದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ನಾಲ್ಕು ಜನ ನಾಲ್ಕು ಪ್ರಶ್ನೆ ಕೇಳುತ್ತಿರುವಾಗ ಗೊತ್ತಿದ್ದದ್ದೇ ತಪ್ಪಿಹೋಗುತ್ತದೆ, ಡ್ರಮ್ಮಿನ ಮೇಲೆ ಇದ್ದರೆ ತಪ್ಪುವುದಿಲ್ಲ.

ಫೋನಿನಲ್ಲಿ ಅಲಾರಂ ಇಡುವುದಾದರೆ ಮೇಲಿನ ಒಂದೊಂದು ಹಂತಕ್ಕೂ ಬೇರೆ ಬೇರೆ ಇಡಿ. ಹೆಸರಿನ ಜಾಗದಲ್ಲಿ "ಮದ್ದು" ಎಂದು ಬರೆದರೆ ಆಫ್ ಮಾಡಿ ಮರೆಯುವುದು ಖಂಡಿತ. "ಮರ ಹತ್ತುವವರಿಗೆ ಈಗ ಫೋನ್" ಎಂದು ಬರೆದು ಅವರ ನಂಬರನ್ನೂ ಅಲ್ಲೇ ಹಾಕಿ. ರಾತ್ರಿ 7ರಿಂದ 8ರ ಒಳಗೆ ಇಡಿ, ಹಗಲು ಅವರು ಮರದ ಮೇಲೆ ಇರುತ್ತಾರೆ, ಫೋನ್ ತೆಗೆಯುವುದಿಲ್ಲ.

ಪೆರ್ಲ ಲೆಕ್ಕಪತ್ರ

ಕರೆಂಟ್ ಬಿಲ್ಲಿಗೆ ನೆನಪನ್ನು ಖರ್ಚು ಮಾಡಬೇಡಿ. ಮನೆ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದು, ಆ ಅಂತರವೇ ಮರೆಯುವಷ್ಟು ಉದ್ದ. ಬಿಲ್ಲಿನಲ್ಲಿ ಎರಡು ತಾರೀಕು ಇರುತ್ತವೆ: ದಂಡ ಇಲ್ಲದೆ ಕಟ್ಟುವ ಕೊನೆಯ ದಿನ, ಫ್ಯೂಸ್ ತೆಗೆಯುವ ದಿನ. ಎರಡನೆಯದನ್ನು ನೋಡಿಕೊಂಡು "ಇನ್ನೂ ಸಮಯ ಉಂಟು" ಎನ್ನುವುದೇ ಅಪಾಯ. ಮೀಟರ್ ಓದುವವರು ಬಿಲ್ಲು ಕೈಗೆ ಕೊಟ್ಟಾಗ ನಿಂತಲ್ಲೇ ಯುಪಿಐಯಲ್ಲಿ ಕಟ್ಟಿಬಿಡಿ. ಆಗ ಆಗದಿದ್ದರೆ ಬಿಲ್ಲು ಮೇಜಿನ ಮೇಲೆ ಬೇಡ, ಚಾರ್ಜರಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿ. ರಾತ್ರಿ ಫೋನ್ ಚಾರ್ಜಿಗೆ ಹಾಕುವಾಗ ಬಿಲ್ಲು ಕೈಗೆ ತಾಗುತ್ತದೆ.

ಬದಿಯಡ್ಕ ಅಕ್ಕ

ಹೊಸಂಗಡಿಯವರು ಹೇಳಿದ ಕ್ರಮ ಒಬ್ಬರೇ ಇರುವ ಮನೆಗೆ ಸರಿ. ಕೂಡು ಕುಟುಂಬದಲ್ಲಿ ಹಾಳೆ ಹಿಡಿದು 10 ನಿಮಿಷ ಕೂತರೆ "ಎಂತ ಬರೀತಾ ಕೂತದ್ದು, ಕೆಲಸ ಇಲ್ವಾ?" ಎನ್ನುವ ಮಾತು ಬರುತ್ತದೆ. ಎಡಿಎಚ್‌ಡಿ ಇರುವ ಹೆಂಗಸರಿಗೆ ಇನ್ನೂ ಕಷ್ಟ. ಅವರಲ್ಲಿ ಓಡಾಟ, ಗಲಾಟೆ ಕಾಣದೆ ಗಮನ ಜಾರುವುದಷ್ಟೇ ಇರುವುದು ಹೆಚ್ಚು, ಆದ್ದರಿಂದ ಸಣ್ಣದರಲ್ಲಿ ಯಾರೂ ಗುರುತಿಸಿರುವುದಿಲ್ಲ, ದೊಡ್ಡವರಾದ ಮೇಲೆ ಉದಾಸೀನ ಎಂದು ಹೆಸರು ಬೀಳುತ್ತದೆ. ಮನೆಯವರು ಬದಲಾಗದೆ ಬರೀ ಹಾಳೆಯಿಂದ ಆಗುವುದು ಅಷ್ಟರಲ್ಲೇ ಉಂಟು.

ಮನೆಯವರಿಗೆ ಇಡೀ ಕಾಯಿಲೆ ವಿವರಿಸಲು ಹೋಗಬೇಡಿ. ಅವರ ಮುಂದೆ ಮೂರು ಬೇಡಿಕೆ ಇಡಿ: ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹೊರಡುವಾಗ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಬೇಡಿ, ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ. "ಇನ್ನೂ ಆಗಲಿಲ್ವಾ?" ಎನ್ನುವ ಬದಲು "ಯಾವುದು ಅಡ್ಡ ಬಂತು?" ಎಂದು ಕೇಳಿ. ಕೊನೆಯದು ನಿಜಕ್ಕೂ ಕೆಲಸಕ್ಕೆ ಬರುವ ಪ್ರಶ್ನೆ. ಉತ್ತರ ಹೆಚ್ಚಾಗಿ ಬಹಳ ಸಣ್ಣದು: ಅಂಟು ಇರಲಿಲ್ಲ, ಫೋಟೋ ಸಿಗಲಿಲ್ಲ, ಯಾರ ಹೆಸರಿಗೆ ಬರೆಯಬೇಕು ಗೊತ್ತಾಗಲಿಲ್ಲ.

ಹೊಸಂಗಡಿ, ಮನಶ್ಶಾಸ್ತ್ರ

ಅಕ್ಕ ಹೇಳಿದ್ದು ಒಪ್ಪುವ ಮಾತು. ಹಾಳೆಯ ಬದಲು ಬಚ್ಚಲಿಗೆ ಹೋಗುವ ಮೊದಲು ಫೋನಿನಲ್ಲಿ ತನಗೆ ತಾನೇ ವಾಯ್ಸ್ ಮೆಸೇಜ್ ಹಾಕಿಕೊಳ್ಳಬಹುದು, ಎರಡು ನಿಮಿಷ ಸಾಕು. ಮೂರು ಮಾತ್ರ ಆರಿಸಿ ಚೀಟಿಗೆ ಇಳಿಸಿ.

ಮಂಜೇಶ್ವರ ಓಟಿ

ಆಕ್ಯುಪೇಶನಲ್ ಥೆರಪಿಯ (ಓಟಿ, ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಕಡೆಯಿಂದ ಕೆಲವು. ಟೈಮರಿಗೆ ಫೋನ್ ಬೇಡ, ಟೈಮರ್ ನೋಡಲು ತೆಗೆದ ಫೋನ್ ವಾಟ್ಸಾಪಿಗೆ ಹೋಗುತ್ತದೆ. ಅಡುಗೆಮನೆಯ ತಿರುಗಿಸುವ ಟೈಮರ್ ಸಾಕು. 25 ನಿಮಿಷ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಶುರು ಮಾಡಲೇ ಆಗದ ದಿನ 7 ನಿಮಿಷ ಇಡಿ. ಬೆಲ್ ಆದಾಗ ಕೆಲಸ ಸರಾಗ ಹೋಗುತ್ತಿದ್ದರೆ ನಿಲ್ಲಿಸಬೇಡಿ, ಆದರೆ ಒಂದು ಗಂಟೆಗೆ ಇನ್ನೊಂದು ಬೆಲ್ ಇರಲಿ. ಯಾಕೆಂದರೆ ಹಿಡಿದದ್ದರಲ್ಲಿ ಮುಳುಗಿ ಊಟ, ನೀರು ಮರೆಯುವುದೂ ಇದೇ ಸ್ಥಿತಿಯ ಇನ್ನೊಂದು ಮುಖ. ಎದ್ದು ಹೋಗುವ ಮೊದಲು ಮುಂದಿನ ಕೈಚಲನೆಯನ್ನು ಬರೆದು ಆ ಕಾಗದದ ಮೇಲೆಯೇ ಇಟ್ಟು ಹೋಗಿ.

ಒಬ್ಬರು ಜೊತೆಗೆ ಕೂತರೆ ಕೆಲಸ ಆಗುತ್ತದೆ ಎನ್ನುವುದು ಇಂಥವರ ದೊಡ್ಡ ಆಧಾರ. ಜೊತೆಗಾರರು ಸಹಾಯ ಮಾಡಬೇಕಾಗಿಲ್ಲ, ಅವರ ಪಾಡಿಗೆ ಅಡಿಕೆ ಸುಲಿಯುತ್ತಲೋ ತರಕಾರಿ ಹೆಚ್ಚುತ್ತಲೋ ಕೂತರೆ ಸಾಕು. ಶುರುವಿಗೆ "ನಾನು ಈಗ ಇದು ಮಾಡುತ್ತೇನೆ" ಎಂದು ಹೇಳುವುದು, ನಡುವೆ ಮಾತಿಲ್ಲ, ಸಲಹೆ ಇಲ್ಲ, ಕೊನೆಗೆ ಆದದ್ದನ್ನು ಹೇಳುವುದು. ಗಂಡನೋ ತಮ್ಮನೋ ದುಬೈಯಲ್ಲಿ ಇದ್ದರೆ ವಿಡಿಯೋ ಕಾಲ್ ಇಟ್ಟುಕೊಂಡೂ ಮಾಡಬಹುದು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ನಮ್ಮ ರಾತ್ರಿ 8:30 ಅವರಿಗೆ 7.

ಬಟ್ಟೆಯ ರಾಶಿಗೆ: ಮಡಚುವುದು ಕಡಿಮೆ ಮಾಡಿ. ಒಳಬಟ್ಟೆ, ಟವೆಲ್ ಮಡಚದೆ ಒಬ್ಬೊಬ್ಬರ ಬುಟ್ಟಿಗೆ. ಶರ್ಟು, ಚೂಡಿದಾರ ಒಣಗಿಸುವಾಗಲೇ ಹ್ಯಾಂಗರಿಗೆ, ಅಲ್ಲಿಂದ ಹಾಗೆಯೇ ಕಪಾಟಿಗೆ. ಮಳೆಗಾಲದಲ್ಲಿ ವಾರದ ಬಟ್ಟೆ ಒಟ್ಟಿಗೆ ಒಗೆದರೆ ಒಣಗದೆ ವಾಸನೆ ಬರುತ್ತದೆ, ಮತ್ತೆ ಒಗೆಯಬೇಕು, ರಾಶಿ ಎರಡಾಗುತ್ತದೆ. ದಿನ ಬಿಟ್ಟು ದಿನ ಅರ್ಧ ಬಕೆಟ್ ವಾಸಿ.

ಮುಳ್ಳೇರಿಯದವ

ಎಲ್ಲರಿಗೂ ಉಪಕಾರ. ಇನ್ನು ಪರೀಕ್ಷೆ ಮತ್ತು ಮದ್ದಿನ ಬಗ್ಗೆ. ಇಂಟರ್‌ನೆಟ್ಟಿನ ಪ್ರಶ್ನೆಪಟ್ಟಿ ನಂಬಬಹುದಾ? ಮಂಗಳೂರಿಗೇ ಹೋಗಬೇಕಾ?

ಹೊಸಂಗಡಿ, ಮನಶ್ಶಾಸ್ತ್ರ

ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಪಟ್ಟಿಯಲ್ಲಿ 18 ಪ್ರಶ್ನೆಗಳಿವೆ. ಮೊದಲ 6ರಲ್ಲಿ 4 ಅಥವಾ ಹೆಚ್ಚು ಉತ್ತರ ಗುರುತಿನ ಚೌಕಕ್ಕೆ ಬಿದ್ದರೆ ವೈದ್ಯರಲ್ಲಿ ಹೋಗಿ ಎಂದಷ್ಟೇ ಅರ್ಥ, ಎಡಿಎಚ್‌ಡಿ ಇದೆ ಎಂದಲ್ಲ. 2013ರ ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ) ಪ್ರಕಾರ 17 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರಿಗೆ ಗಮನದ 9 ಲಕ್ಷಣಗಳಲ್ಲಿ ಅಥವಾ ಚಡಪಡಿಕೆ-ಆತುರದ 9ರಲ್ಲಿ ಕನಿಷ್ಠ 5 ಇರಬೇಕು, 6 ತಿಂಗಳಾದರೂ ಮುಂದುವರಿದಿರಬೇಕು, ಮನೆ-ಕೆಲಸ ಹೀಗೆ ಎರಡು ಕಡೆಯಾದರೂ ಕಾಣಬೇಕು, ಹಲವು ಲಕ್ಷಣ 12 ವರ್ಷಕ್ಕೆ ಮೊದಲೇ ಇದ್ದಿರಬೇಕು. 35ನೇ ವಯಸ್ಸಿಗೆ ಹೊಸದಾಗಿ ಶುರುವಾದ ಮರೆವಿಗೆ ಬೇರೆ ಕಾರಣ ಮೊದಲು ಹುಡುಕಬೇಕು: ಥೈರಾಯ್ಡ್, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಆತಂಕ.

ಹೋಗುವಾಗ ಹಳೆಯ ಪ್ರೋಗ್ರೆಸ್ ಕಾರ್ಡ್ ತೆಗೆದುಕೊಂಡು ಹೋಗಿ, ಟೀಚರ್ ಬರೆದ ಷರಾ ಅಂಕಕ್ಕಿಂತ ಮುಖ್ಯ. ಬಾಲ್ಯ ನೋಡಿದ ಅಮ್ಮನೋ ಅಕ್ಕನೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕಾಸರಗೋಡಿನಲ್ಲೂ ಮನೋವೈದ್ಯರು ಸಿಗುತ್ತಾರೆ. ಆದರೆ ಇದು ಪೂರ್ತಿ ಮಾತಿನ ಮೇಲೆ ನಿಂತ ಪರೀಕ್ಷೆ, ಸ್ವಂತ ಭಾಷೆಯಲ್ಲಿ ಹೇಳಲು ಆಗಬೇಕು. ಅದಕ್ಕಾಗಿ ಹಲವರು ಮಂಗಳೂರು, ದೇರಳಕಟ್ಟೆ ಆರಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಮೊದಲು ಮಾತಾಡಿ ನೋಡಬೇಕೆಂದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಖರ್ಚಿಲ್ಲ, ಭಾಷೆ ಆರಿಸಬಹುದು. ಕೆಲಸದ ಭಾರದ ಜೊತೆ ಬದುಕೇ ಬೇಡ ಎನ್ನುವ ಯೋಚನೆ ಬರುತ್ತಿದ್ದರೆ ಪಟ್ಟಿ, ಟೈಮರ್ ಎಲ್ಲ ಬದಿಗಿಟ್ಟು ಆ ಹೊತ್ತಿಗೇ ಈ ನಂಬರಿಗೆ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ.

ಉಪ್ಪಳ, ಔಷಧಿ ಅಂಗಡಿ

ಮದ್ದಿನ ಬಗ್ಗೆ ಅಂಗಡಿ ಕಡೆಯಿಂದ ಹೇಳುತ್ತೇನೆ, ಯಾವುದು ಯಾರಿಗೆ ಎಂಬುದು ವೈದ್ಯರ ತೀರ್ಮಾನ. ಎಡಿಎಚ್‌ಡಿಗೆ ಕೊಡುವ ಉತ್ತೇಜಕ ಮಿಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಮದ್ದು, ಅಂದರೆ ಮಾರಾಟಕ್ಕೆ ಬಿಗಿ ನಿಯಂತ್ರಣ ಇರುವ ಪಟ್ಟಿಯದ್ದು. ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲಿ ಎರಡು ವರ್ಷ ಉಳಿಯುತ್ತದೆ. ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಇರುವ ಅಂಗಡಿಯಲ್ಲಿ ಮಾತ್ರ ಸಿಗುವುದು, ಊರಿನ ಎಲ್ಲ ಅಂಗಡಿಗಳಲ್ಲಿ ಇಲ್ಲ. ಬಸ್ ಹತ್ತುವ ಮೊದಲು ಫೋನ್ ಮಾಡಿ, ಸ್ಟಾಕ್ ಇದೆಯಾ, ಎಷ್ಟು ಮಿಲಿಗ್ರಾಂ ಎಂದು ಕೇಳಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಶೆಡ್ಯೂಲ್ ಎಕ್ಸ್ ಮದ್ದನ್ನು ವಿಡಿಯೋ ಕಾಲಿನಲ್ಲಿ ಬರೆದುಕೊಡುವ ಹಾಗಿಲ್ಲ. ಆದ್ದರಿಂದ ಮಾತ್ರೆ ಮುಗಿಯಲು 7 ದಿನ ಇರುವಾಗಲೇ ವೈದ್ಯರ ಅಪಾಯಿಂಟ್‌ಮೆಂಟ್ ಮಾಡಿ. ದಿನಕ್ಕೆ ಒಂದು ಮಾತ್ರೆಯಾದರೆ, ಮಾತ್ರೆಯ ಸ್ಟ್ರಿಪ್ಪಿನಲ್ಲಿ ಕೊನೆಯಿಂದ ಎಂಟನೇ ಮಾತ್ರೆಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿಟ್ಟರೆ ಲೆಕ್ಕ ತಪ್ಪುವುದಿಲ್ಲ.

ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ, ನಿಧಾನವಾಗಿ ಬಿಡುಗಡೆಯಾಗುವಂಥದ್ದು ಇನ್ನೂ ಹೆಚ್ಚು. ಹಸಿವು ಕಡಿಮೆಯಾಗುತ್ತದೆ, ಆದ್ದರಿಂದ ಗಂಜಿಯೋ ದೋಸೆಯೋ ಹೊಟ್ಟೆ ತುಂಬ ತಿಂದು ಆಮೇಲೆ ಮಾತ್ರೆ. ಸಂಜೆ ತೆಗೆದುಕೊಂಡರೆ ನಿದ್ದೆ ಕೆಡುತ್ತದೆ. ರಕ್ತದೊತ್ತಡ, ನಾಡಿಬಡಿತ ಏರಬಹುದು. ಬೀಪಿ, ಎದೆಯ ತೊಂದರೆ, ಮನೆತನದಲ್ಲಿ ಹೃದ್ರೋಗ ಇದ್ದರೆ ಮೊದಲೇ ಹೇಳಿ, ದಿನಕ್ಕೆ ಎಷ್ಟು ಕಾಫಿ ಎಂಬುದನ್ನೂ ಹೇಳಿ. ಅಟೊಮಾಕ್ಸೆಟಿನ್ ಬೇರೆ ಗುಂಪು, ಉತ್ತೇಜಕ ಅಲ್ಲ, ಪೂರ್ತಿ ಪರಿಣಾಮಕ್ಕೆ ವಾರಗಳು ಬೇಕು. ಹತ್ತು ದಿನಕ್ಕೆ "ಏನೂ ಆಗಲಿಲ್ಲ" ಎಂದು ಬಿಡುವವರೇ ಜಾಸ್ತಿ. ಪರೀಕ್ಷೆಗೆ ಓದುವ ಮಕ್ಕಳಿಗೆ ನಿಮ್ಮ ಮಾತ್ರೆ ಕೊಡಲೇಬೇಡಿ.

ಗಲ್ಫಿಗೆ ಹೋಗುವವರು ಗಮನಿಸಿ: ಯುಎಇಯಲ್ಲಿ ಮಿಥೈಲ್‌ಫೆನಿಡೇಟ್ ನಿಯಂತ್ರಿತ ಮದ್ದು. ಹೊರಡುವ ಮೊದಲೇ ಅಲ್ಲಿನ ಸರಕಾರದಿಂದ ಆನ್‌ಲೈನಿನಲ್ಲಿ ಅನುಮತಿ ಪಡೆಯಬೇಕು. ಮಾತ್ರೆ ಮೂಲ ಪ್ಯಾಕಿನಲ್ಲೇ ಇರಲಿ, ಚೀಟಿ ಜೊತೆಗಿರಲಿ. ಬೇರೆಯವರ ಕೈಯಲ್ಲಿ ಕಟ್ಟಿ ಕಳಿಸುವ ಅಭ್ಯಾಸ ಈ ಮದ್ದಿಗೆ ಬೇಡವೇ ಬೇಡ, ಸಿಕ್ಕಿಬಿದ್ದರೆ ಕೊಂಡುಹೋದವರ ಕಥೆ ಕಷ್ಟ.

ಮುಳ್ಳೇರಿಯದವ

ಕೊನೆಯದಾಗಿ ಒಂದು. ಎರಡು ವಾರ ಎಲ್ಲ ಸರಿಯಾಗಿ ನಡೆದು, ಜ್ವರವೋ ಮದುವೆಯೋ ಬಂದು ತಪ್ಪಿಹೋದರೆ ಮತ್ತೆ ಹಿಡಿಯುವುದು ಹೇಗೆ? ಮುಖ್ಯವಾಗಿ ಆ ಮೆಸೇಜುಗಳು.

ಮಂಜೇಶ್ವರ ಓಟಿ

ತಪ್ಪಿದ ದಿನಗಳ ಬಾಕಿ ತೀರಿಸಲು ಹೋಗಬೇಡಿ, ಹಳೆಯ ಹಾಳೆ ಹರಿದು ಹೊಸ ಹಾಳೆ. ನಿಜವಾಗಿ ಬೇಕಾದದ್ದು ತಾನಾಗಿ ಅದರಲ್ಲಿ ಬರುತ್ತದೆ.

ಮೆಸೇಜಿಗೆ: ಒಂದು ತಿಂಗಳಿಗಿಂತ ಹಳೆಯದೆಲ್ಲ ಆರ್ಕೈವ್‌ಗೆ. ಉಳಿದದ್ದರಲ್ಲಿ ದಿನಕ್ಕೆ ಐದು ಜನ, ಹೆಚ್ಚು ಬೇಡ. ಎಲ್ಲರಿಗೂ ಒಂದೇ ವಾಕ್ಯ, ನೋಟ್ಸಿನಲ್ಲಿ ಬರೆದಿಟ್ಟು ಕಾಪಿ ಮಾಡಿ: "ಉತ್ತರ ತಡವಾಯಿತು. ಆ ವಿಷಯ ಇನ್ನೂ ಬಾಕಿ ಉಂಟಾ?" ತಡಕ್ಕೆ ಕಾರಣ ಬರೆಯಲು ಹೊರಟರೆ ಮೆಸೇಜ್ ಹೋಗುವುದೇ ಇಲ್ಲ, ಕ್ಷಮೆಯ ಎರಡನೇ ಸಾಲಿನಲ್ಲೇ ಬೆರಳು ನಿಲ್ಲುತ್ತದೆ. ಹಿರಿಯರಿಗಾದರೆ ಟೈಪ್ ಮಾಡುವುದು ಬಿಟ್ಟು ಫೋನ್ ಮಾಡಿ, ಊಟದ ಹೊತ್ತು ಕಳೆದ ಮೇಲೆ. ಓದಿದ ಮೆಸೇಜಿಗೆ ಆಗಲೇ ಉತ್ತರಿಸಲು ಆಗದಿದ್ದರೆ "ಓದಿಲ್ಲ" ಎಂದು ಗುರುತು ಹಾಕಿಡಿ. ಇಲ್ಲದಿದ್ದರೆ ಅದು ಮತ್ತೆ ಕಣ್ಣಿಗೆ ಬೀಳುವುದಿಲ್ಲ.